ಪೊರೆಯೊಳಗಿನ ಕೊಲೆಸ್ಟ್ರಾಲ್: ಅರ್ಥ ಮಾಡಿಕೊಳ್ಳಲು, ಅಳೆದು ನೋಡಲು ಒಂದು ಸಮಗ್ರ ಮಾರ್ಗದರ್ಶಿ

ಚಳಿಗಾಲದ ಕೆಲವು ಮುಂಜಾವು ಬಿಟ್ಟರೆ ಮಂಗಳೂರಿನ ಅಡುಗೆಮನೆಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುವುದನ್ನು ನೋಡಲು ಸಿಗುವುದು ಅಪರೂಪ. ಅದೇ ಬಾಟಲಿಯನ್ನು ಜನವರಿಯಲ್ಲಿ ಚಾರ್ಮಾಡಿ ಘಾಟಿ ಹತ್ತಿಸಿ ಕೊಟ್ಟಿಗೆಹಾರದಲ್ಲಿ ಒಂದು ರಾತ್ರಿ ಇಟ್ಟರೆ ಬೆಳಗ್ಗೆ ಚಮಚ ಹಾಕಿ ಕೆರೆಯಬೇಕಾಗುತ್ತದೆ. ತೆಂಗಿನೆಣ್ಣೆ ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಜೀವಕೋಶದ ಪೊರೆಗಳ ಮೇಲೆ ಕೆಲಸ ಮಾಡುವವರು ಪ್ರಯೋಗಾಲಯದಲ್ಲಿ ಬಳಸುವ ಡಿಎಂಪಿಸಿ ಎಂಬ ಫಾಸ್ಫೋಲಿಪಿಡ್‌ ಗಟ್ಟಿ ಸ್ಥಿತಿಯಿಂದ ದ್ರವ ಸ್ಥಿತಿಗೆ ಹೊರಳುವುದೂ ಹೆಚ್ಚುಕಡಿಮೆ ಅದೇ ಉಷ್ಣತೆಯಲ್ಲಿ. ಇದು ಕಾಕತಾಳೀಯ, ಆದರೂ ಪೊರೆಯ ಪಾಠ ಶುರು ಮಾಡಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಪಾಠದ ಕೊನೆಗೆ ಪ್ರತಿ ವರ್ಷ ಒಂದೇ ಗೊಂದಲ ಬರುತ್ತದೆ. ಅರ್ಧ ತರಗತಿ "ಕೊಲೆಸ್ಟ್ರಾಲ್ ಪೊರೆಯನ್ನು ಗಟ್ಟಿ ಮಾಡುತ್ತದೆ" ಎಂದು ಬರೆಯುತ್ತದೆ. ಇನ್ನರ್ಧ "ಕೊಲೆಸ್ಟ್ರಾಲ್ ಪೊರೆಯ ಹರಿವನ್ನು ಕಾಪಾಡುತ್ತದೆ" ಎಂದು ಬರೆಯುತ್ತದೆ. ಎರಡೂ ಗೈಡ್‌ಗಳಲ್ಲಿ ಸಿಗುವ ಉತ್ತರಗಳೇ. ಮೂರು ವಿಷಯ ಹೇಳದೆ ಬರೆದರೆ ಎರಡಕ್ಕೂ ಅರ್ಥವಿಲ್ಲ: ಯಾವ ಲಿಪಿಡ್‌ನಲ್ಲಿ (ಪೊರೆ ಕಟ್ಟುವ ಕೊಬ್ಬಿನಂಥ ಅಣುವಿನಲ್ಲಿ), ಎಷ್ಟು ಡಿಗ್ರಿಯಲ್ಲಿ, ನೂರು ಅಣುಗಳಲ್ಲಿ ಎಷ್ಟು ಕೊಲೆಸ್ಟ್ರಾಲ್. ಈ ಬರಹ ಆ ಮೂರು ಪ್ರಶ್ನೆಗಳ ಹಿಂದೆಯೇ ನಡೆಯುತ್ತದೆ. ಮೊದಲರ್ಧವನ್ನು ಯಾರು ಬೇಕಾದರೂ ಮನೆಯಲ್ಲಿ ಕುಳಿತು ಮಾಡಬಹುದು. ಉಳಿದರ್ಧಕ್ಕೆ ಒಂದು ಪ್ರಯೋಗಾಲಯ ಬೇಕು. ಬಿಎಸ್ಸಿ ಕೊನೆಯ ವರ್ಷದ ಅಥವಾ ಎಂಎಸ್ಸಿ ಮಕ್ಕಳು ಅದನ್ನು ಪ್ರಾಜೆಕ್ಟ್ ಆಗಿ ಧೈರ್ಯದಿಂದ ತೆಗೆದುಕೊಳ್ಳಬಹುದು.

ಹಂತ 1: ರಕ್ತದ ರಿಪೋರ್ಟನ್ನು ಬದಿಗಿಡಿ

"ನಂಗೆ ಕೊಲೆಸ್ಟ್ರಾಲ್ ಉಂಟು ಮಾರಾಯ್ರೇ" ಎಂದು ನಮ್ಮ ಕಡೆ ಹೇಳುವಾಗ ಮಾತಾಡುತ್ತಿರುವುದು ಕೊಲೆಸ್ಟ್ರಾಲ್ ಹೊತ್ತು ರಕ್ತದಲ್ಲಿ ತೇಲುವ ಎಲ್‌ಡಿಎಲ್ ಕಣಗಳ ಬಗ್ಗೆ. ಆ ಸಂಖ್ಯೆ ಹೃದಯಕ್ಕೆ ಮುಖ್ಯ, ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬಾರದು. ಆದರೆ ಇಲ್ಲಿ ನಾವು ನೋಡಲು ಹೊರಟಿರುವುದು ಬೇರೆ ಕೊಲೆಸ್ಟ್ರಾಲ್, ನಿಮ್ಮ ದೇಹದ ಪ್ರತಿ ಜೀವಕೋಶದ ಹೊರಪೊರೆಯಲ್ಲಿ ಕೂತಿರುವುದು. ಅದು ಯಾರಿಗೂ "ಇಲ್ಲ" ಎನ್ನುವಂತಿಲ್ಲ. ಹೊರಪೊರೆಯ ನೂರು ಲಿಪಿಡ್ ಅಣು ಎಣಿಸಿದರೆ ಅದರಲ್ಲಿ 30ರಿಂದ 40 ಕೊಲೆಸ್ಟ್ರಾಲ್. ಅದೇ ಕೋಶದ ಒಳಗಿನ ಎಂಡೋಪ್ಲಾಸ್ಮಿಕ್ ಜಾಲದ ಪೊರೆಯಲ್ಲಿ ಸುಮಾರು 5 ಮಾತ್ರ. ಅಲ್ಲಿ ಇನ್ನೂ ಕಡಿಮೆಯಾದರೆ ಕೋಶವೇ ತಿಳಿದುಕೊಂಡು ಹೊಸ ಕೊಲೆಸ್ಟ್ರಾಲ್ ತಯಾರಿಸಲು ತೊಡಗುತ್ತದೆ. ಕೋಶಗಳು ಕೊಲೆಸ್ಟ್ರಾಲನ್ನು ನಿಯಂತ್ರಿಸುವ ಬಗೆಯನ್ನು ತೋರಿಸಿದ್ದಕ್ಕೇ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂದದ್ದು.

ಒಂದೇ ಕೋಶದ ಎರಡು ಪೊರೆಗಳ ನಡುವೆ ಇಷ್ಟು ಅಂತರವನ್ನು ಕೋಶ ಶಕ್ತಿ ಖರ್ಚು ಮಾಡಿ ಉಳಿಸಿಕೊಳ್ಳುತ್ತದೆ. ಹಾಗಾದರೆ ಹೊರಪೊರೆಯಲ್ಲಿ ಈ ಅಣುವಿಗೆ ಏನೋ ಮುಖ್ಯ ಕೆಲಸ ಇರಲೇಬೇಕು.

ಹಂತ 2: ಅಣುವಿನ ಆಕಾರ ಮನಸ್ಸಿಗೆ ಹತ್ತುವವರೆಗೆ ಬಿಡಿಸಿ

ಒಂದು ಹಾಳೆ ತೆಗೆದುಕೊಂಡು ಫಾಸ್ಫೋಲಿಪಿಡ್ ಬಿಡಿಸಿ. ನೀರನ್ನು ಇಷ್ಟಪಡುವ ದೊಡ್ಡ ತಲೆ, ಕೆಳಗೆ ನೀರನ್ನು ದೂರವಿಡುವ ಎರಡು ಉದ್ದ ಬಾಲ. ಬಾಲಗಳು ಕೊಬ್ಬಿನಾಮ್ಲದ ಸರಪಳಿಗಳು, ಪ್ರತಿ ಕೊಂಡಿಯಲ್ಲೂ ತಿರುಗಬಲ್ಲವು. ಇಂಥವು ಎರಡು ಸಾಲಾಗಿ, ಬಾಲಕ್ಕೆ ಬಾಲ ಕೊಟ್ಟು ನಿಂತರೆ ಅದೇ ದ್ವಿಪದರ. ದಪ್ಪ ಸುಮಾರು 4ರಿಂದ 5 ನ್ಯಾನೊಮೀಟರ್. ಕೆಂಪು ರಕ್ತಕಣದ ಕೊಬ್ಬನ್ನೆಲ್ಲ ತೆಗೆದು ನೀರಿನ ಮೇಲೆ ಹರಡಿ, ಅದು ಕಣದ ಮೇಲ್ಮೈಯ ಎರಡರಷ್ಟು ಜಾಗ ಮುಚ್ಚುತ್ತದೆ ಎಂದು ಗೋರ್ಟರ್ ಮತ್ತು ಗ್ರೆಂಡೆಲ್ 1925ರಲ್ಲಿ ಕಂಡದ್ದು ಈ ಚಿತ್ರಕ್ಕೆ ಬುನಾದಿ.

ಈಗ ಪಕ್ಕದಲ್ಲಿ ಕೊಲೆಸ್ಟ್ರಾಲ್ ಬಿಡಿಸಿ. 27 ಇಂಗಾಲದ ಪರಮಾಣುಗಳು. ತಲೆ ಎಂದರೆ ಒಂದೇ ಒಂದು ಹೈಡ್ರಾಕ್ಸಿಲ್ ಗುಂಪು, ಬಹಳ ಸಣ್ಣದು. ಅದರ ಕೆಳಗೆ ಒಂದಕ್ಕೊಂದು ಅಂಟಿದ ನಾಲ್ಕು ಉಂಗುರಗಳು, ಹಲಗೆಯ ಹಾಗೆ ಬಾಗದ ಭಾಗ. ಅದರ ತುದಿಯಲ್ಲಿ ಒಂದು ಗಿಡ್ಡ, ಸಡಿಲ ಬಾಲ. ಹಲಗೆಯ ಒಂದು ಮುಖ ನುಣುಪು, ಇನ್ನೊಂದು ಮುಖದಲ್ಲಿ ಎರಡು ಮಿಥೈಲ್ ಗುಂಪುಗಳು ಗಂಟುಗಳ ಹಾಗೆ ಎದ್ದಿರುತ್ತವೆ. ನುಣುಪು ಮುಖಕ್ಕೆ ನೇರವಾದ, ಸಂತೃಪ್ತ ಸರಪಳಿ ಚೆನ್ನಾಗಿ ಒರಗುತ್ತದೆ. ದ್ವಿಬಂಧವಿದ್ದು ಮಧ್ಯದಲ್ಲಿ ಬಾಗಿದ ಅಸಂತೃಪ್ತ ಸರಪಳಿ ಅಷ್ಟು ಚೆನ್ನಾಗಿ ಒರಗುವುದಿಲ್ಲ.

ಚಿತ್ರ ಬಿಡಿಸಿದ ಮೇಲೆ ಒಂದು ಸಮಸ್ಯೆ ಕಾಣಬೇಕು. ಇಷ್ಟು ಸಣ್ಣ ತಲೆಯಿಂದ ಇಷ್ಟು ದೊಡ್ಡ ಜಿಡ್ಡಿನ ಮೈಯನ್ನು ನೀರಿನಿಂದ ಮರೆಮಾಡುವುದು ಹೇಗೆ? ಆಗುವುದಿಲ್ಲ. ಪಕ್ಕದ ಫಾಸ್ಫೋಲಿಪಿಡ್‌ನ ದೊಡ್ಡ ತಲೆಯ ಅಡಿಗೆ ಅದು ನುಸುಳಿ ನಿಲ್ಲುತ್ತದೆ. ಸಂಶೋಧಕರು ಇದನ್ನು ಕೊಡೆ ಮಾದರಿ ಎಂದೇ ಕರೆಯುತ್ತಾರೆ. ಜೂನ್ ತಿಂಗಳಲ್ಲಿ ಹಂಪನಕಟ್ಟೆಯ ಬಸ್ ಸ್ಟಾಪಿನಲ್ಲಿ ನಿಂತವರಿಗೆ ಹೆಚ್ಚು ವಿವರಣೆ ಬೇಡ. ಕೊಡೆ ಇಲ್ಲದವರು ಇದ್ದವರ ಪಕ್ಕ ಒತ್ತಿ ನಿಲ್ಲುತ್ತಾರೆ, ಕೊಡೆ ಹಿಡಿದವರೂ ಮೈ ಕುಗ್ಗಿಸಿ ಜಾಗ ಮಾಡಿಕೊಡುತ್ತಾರೆ. ಫಾಸ್ಫಟಿಡೈಲ್‌ಕೋಲೀನ್‌ನ ಪೊರೆ ಹಿಡಿದಿಟ್ಟುಕೊಳ್ಳಬಲ್ಲ ಕೊಲೆಸ್ಟ್ರಾಲ್‌ನ ಮಿತಿ ನೂರಕ್ಕೆ ಸುಮಾರು 66, ಅಂದರೆ ಒಂದು ಕೊಡೆಗೆ ಇಬ್ಬರು. ಅದಕ್ಕಿಂತ ಹೆಚ್ಚಾದರೆ ಕೊಲೆಸ್ಟ್ರಾಲ್ ಪೊರೆಯಿಂದ ಹೊರಬಿದ್ದು ಹರಳಾಗುತ್ತದೆ. ತಲೆ ಸಣ್ಣದಿರುವ ಫಾಸ್ಫಟಿಡೈಲ್‌ಎಥನೋಲಮೈನ್‌ನಲ್ಲಿ ಮಿತಿ ಸುಮಾರು 50ಕ್ಕೇ ಬಂದುಬಿಡುತ್ತದೆ. ಸಣ್ಣ ಕೊಡೆಯಡಿ ಒಬ್ಬರಿಗಷ್ಟೇ ಜಾಗ.

ಹಂತ 3: ಪಂಕ್ತಿ, ಬೀಚು, ರಥಬೀದಿ

ಇದು ಇಡೀ ಬರಹದ ಹೃದಯ. ನಿಧಾನವಾಗಿ ಓದಿ.

ಕೊಲೆಸ್ಟ್ರಾಲ್ ಇಲ್ಲದ ಶುದ್ಧ ಫಾಸ್ಫೋಲಿಪಿಡ್ ಪೊರೆಗೆ ಮುಖ್ಯವಾಗಿ ಎರಡು ಸ್ಥಿತಿಗಳು. ತಣ್ಣಗಿದ್ದಾಗ ಜೆಲ್. ಬಾಲಗಳೆಲ್ಲ ನೀಟಾಗಿ ಚಾಚಿ, ಒಂದಕ್ಕೊಂದು ತಾಗಿ, ಇದ್ದಲ್ಲೇ ಇರುತ್ತವೆ. ಉಡುಪಿ ಕೃಷ್ಣಮಠದಲ್ಲಿ ಊಟದ ಪಂಕ್ತಿಗೆ ಕೂತವರ ಹಾಗೆ: ಸಾಲು ನೇರ, ಯಾರೂ ಜಾಗ ಬದಲಿಸುವುದಿಲ್ಲ. ಬಿಸಿಯಾದಾಗ ದ್ರವ ಸ್ಥಿತಿ. ಬಾಲಗಳು ಬಾಗಿ, ತಿರುಚಿ, ಅಗಲವಾಗಿ ಹರಡಿಕೊಳ್ಳುತ್ತವೆ, ಅಣುಗಳು ಬೇಕಾದಲ್ಲಿಗೆ ಓಡಾಡುತ್ತವೆ. ಭಾನುವಾರ ಸಂಜೆಯ ಮಲ್ಪೆ ಬೀಚು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವ ಉಷ್ಣತೆ ಲಿಪಿಡ್‌ಗೆ ತಕ್ಕ ಹಾಗೆ ಬದಲಾಗುತ್ತದೆ. 14 ಇಂಗಾಲದ ಬಾಲಗಳಿರುವ ಡಿಎಂಪಿಸಿಗೆ 24, 16 ಇಂಗಾಲದ ಡಿಪಿಪಿಸಿಗೆ 41, 18 ಇಂಗಾಲದ ಡಿಎಸ್‌ಪಿಸಿಗೆ 55 ಡಿಗ್ರಿ. ಅದೇ 18 ಇಂಗಾಲವಿದ್ದೂ ಪ್ರತಿ ಬಾಲದಲ್ಲಿ ಒಂದು ದ್ವಿಬಂಧ ಬಂದರೆ ಡಿಒಪಿಸಿ. ಅದು ಸೊನ್ನೆಗಿಂತ ಸುಮಾರು 17 ಡಿಗ್ರಿ ಕೆಳಗೆ ಹೊರಳುತ್ತದೆ. ಒಂದು ಬಾಗುವಿಕೆಗೆ ಎಪ್ಪತ್ತು ಡಿಗ್ರಿಯ ವ್ಯತ್ಯಾಸ.

ಈಗ ಇದರ ನಡುವೆ ಗಿಡ್ಡ ಕಂಬಗಳನ್ನು, ಅಂದರೆ ಕೊಲೆಸ್ಟ್ರಾಲನ್ನು, ತಂದು ನಿಲ್ಲಿಸಿ. ಪಂಕ್ತಿಯ ನಡುವೆ ನಿಲ್ಲಿಸಿದರೆ ಸಾಲು ಕೆಡುತ್ತದೆ, ಒಬ್ಬರಿಗೊಬ್ಬರು ತಾಗಿ ಕೂರಲು ಆಗುವುದಿಲ್ಲ. ಅಂದರೆ ತಣ್ಣಗಿನ ಪೊರೆ ಸಡಿಲವಾಗುತ್ತದೆ. ಬೀಚಿನಲ್ಲಿ ನಿಲ್ಲಿಸಿದರೆ ಕೈಕಾಲು ಚಾಚಲು ಜಾಗ ಇರುವುದಿಲ್ಲ, ಎಲ್ಲರೂ ನೆಟ್ಟಗೆ ನಿಲ್ಲಬೇಕಾಗುತ್ತದೆ. ಅಂದರೆ ಬಿಸಿ ಪೊರೆ ಬಿಗಿಯಾಗುತ್ತದೆ. ಪರೀಕ್ಷೆಯ ಎರಡೂ ಉತ್ತರಗಳು ಎಲ್ಲಿಂದ ಬಂದವು ಎಂದು ಈಗ ಗೊತ್ತಾಯಿತಲ್ಲ?

ಕಂಬಗಳು ಸಾಕಷ್ಟು ಹೆಚ್ಚಾದಾಗ, ನೂರಕ್ಕೆ 30 ದಾಟಿದಾಗ, ಪಂಕ್ತಿಯೂ ಅಲ್ಲದ ಬೀಚೂ ಅಲ್ಲದ ಮೂರನೆಯ ಸ್ಥಿತಿ ಹುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಪರ್ಯಾಯಕ್ಕೆ ಉಡುಪಿ ರಥಬೀದಿಯಲ್ಲಿ ನಿಂತವರನ್ನು ನೆನಪಿಸಿಕೊಳ್ಳಿ. ಕೈಗಳು ಮೈಗೆ ಅಂಟಿರುತ್ತವೆ, ಎಲ್ಲರೂ ನೆಟ್ಟಗೆ, ಒತ್ತೊತ್ತಾಗಿ ನಿಂತಿರುತ್ತಾರೆ. ಆದರೂ ಜನಸಾಗರ ಹರಿಯುತ್ತಲೇ ಇರುತ್ತದೆ, ಕನಕಗೋಪುರದ ಬಳಿ ಇದ್ದವರು ಅರ್ಧ ಗಂಟೆಯಲ್ಲಿ ಬೀದಿಯ ಇನ್ನೊಂದು ತುದಿಯಲ್ಲಿ ಸಿಗುತ್ತಾರೆ. ಪೊರೆಯ ಈ ಸ್ಥಿತಿಗೆ ಕ್ರಮಬದ್ಧ ದ್ರವ ಎಂದು ಹೆಸರು. ಡೆನ್ಮಾರ್ಕಿನ ಸಂಶೋಧಕರು 1987ರಲ್ಲಿ ಇದನ್ನು ಸಿದ್ಧಾಂತವಾಗಿ ಮಂಡಿಸಿದರು. ಬಾಲಗಳ ನೆಟ್ಟಗಿರುವಿಕೆ ಜೆಲ್‌ಗೆ ಹತ್ತಿರ, ಅಣುಗಳ ಓಡಾಟ ದ್ರವಕ್ಕೆ ಹತ್ತಿರ. ಸಾಮಾನ್ಯ ದ್ರವ ಪೊರೆಗಿಂತ ಓಡಾಟ ಎರಡು ಮೂರು ಪಟ್ಟು ನಿಧಾನ, ಅಷ್ಟೇ. ಜೆಲ್‌ನಲ್ಲಾದರೆ ಅದು ನೂರಾರು ಪಟ್ಟಿಗೂ ಹೆಚ್ಚು ನಿಧಾನವಾಗುತ್ತದೆ.

ನಿಜವಾದ ಅಣುವಿಗೆ ಹೋಲಿಸಿದರೆ ಈ ಕಂಬದ ಹೋಲಿಕೆಯಲ್ಲಿ ಒಂದು ಕೊರತೆ ಇದೆ. ಕೊಲೆಸ್ಟ್ರಾಲ್‌ನ ಗಟ್ಟಿ ಉಂಗುರಗಳು ಬಾಲಗಳ ಮೇಲಿನ ಅರ್ಧವನ್ನಷ್ಟೇ ಬಿಗಿ ಹಿಡಿಯುತ್ತವೆ, ಕೆಳಗೆ ಅದರ ಸ್ವಂತ ಬಾಲವೂ ಸಡಿಲ. ಹಾಗಾಗಿ ದ್ವಿಪದರದ ನಟ್ಟನಡು ಅಷ್ಟು ಬಿಗಿಯಾಗುವುದಿಲ್ಲ.

ಹಂತ 4: ಮನೆಯಲ್ಲಿ ಎರಡು ಸಣ್ಣ ಪರೀಕ್ಷೆಗಳು

ಮೂರು ಸಣ್ಣ ಗಾಜಿನ ಲೋಟಗಳಲ್ಲಿ ತೆಂಗಿನೆಣ್ಣೆ, ತುಪ್ಪ, ಮತ್ತು ಮೆಡಿಕಲ್‌ನಲ್ಲಿ ಸಿಗುವ ಮೀನೆಣ್ಣೆಯ ಕ್ಯಾಪ್ಸೂಲ್ ಚುಚ್ಚಿ ತೆಗೆದ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಡಿ. ಮೊದಲೆರಡು ಗಟ್ಟಿಯಾದ ಮೇಲೂ ಮೀನೆಣ್ಣೆ ಹರಿಯುತ್ತಿರುತ್ತದೆ. ಅದರ ಹಲವು ಸರಪಳಿಗಳಲ್ಲಿ ಐದು ಆರು ದ್ವಿಬಂಧಗಳು. ತಂಪು ನೀರಿನ ಮೀನುಗಳ ಪೊರೆ ಕೆಲಸ ಮಾಡುವುದೇ ಇಂಥ ಬಾಗಿದ ಸರಪಳಿಗಳಿಂದ. ನಮ್ಮ ಬೂತಾಯಿಯ ಎಣ್ಣೆಯೂ ಇದೇ ಜಾತಿಯದು. ಹಿಂದೆ ಮರದ ದೋಣಿಗಳಿಗೆ ಅದನ್ನು ಬಳಿಯುತ್ತಿದ್ದರು.

ಈ ಎಣ್ಣೆಗಳಿಗೆ ಕೊಲೆಸ್ಟ್ರಾಲ್ ಬೆರೆಸಿ ನೋಡೋಣವೇ ಎಂದು ಮಕ್ಕಳು ಕೇಳುತ್ತಾರೆ. ಅದರಿಂದ ಪೊರೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಎಣ್ಣೆಯಲ್ಲಿ ತಲೆ ಯಾವ ಕಡೆ ಬಾಲ ಯಾವ ಕಡೆ ಎಂಬ ವ್ಯವಸ್ಥೆಯೇ ಇಲ್ಲ, ಕೊಡೆಯಡಿ ನಿಲ್ಲುವ ಪ್ರಶ್ನೆಯೂ ಇಲ್ಲ.

ಎರಡನೆಯದು ಬೀಟ್‌ರೂಟ್. ಒಂದೇ ಅಳತೆಯ ತುಂಡುಗಳನ್ನು ಕತ್ತರಿಸಿ, ನೀರಿಗೆ ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆಯಿರಿ. ಐದು ಲೋಟಗಳಲ್ಲಿ 30, 40, 50, 60, 70 ಡಿಗ್ರಿಯ ನೀರಿಟ್ಟು, ಒಂದೊಂದರಲ್ಲಿ ಎರಡು ತುಂಡುಗಳನ್ನು 15 ನಿಮಿಷ ಬಿಡಿ. ಬಿಸಿ ಹೆಚ್ಚಾದ ಕಡೆ ನೀರು ಗಾಢ ಕೆಂಪಾಗುತ್ತದೆ. ಕೆಂಪು ಬಣ್ಣವನ್ನು ಒಳಗೆ ಹಿಡಿದಿಟ್ಟಿದ್ದ ಪೊರೆ ಸೋರಿತು ಎಂದರ್ಥ. ಪೊರೆಯ ಪ್ರೋಟೀನ್‌ಗಳೂ ಬಿಸಿಗೆ ಕೆಡುವುದರಿಂದ ಇದೆಲ್ಲ ಲಿಪಿಡ್‌ನ ಆಟ ಎನ್ನಬಾರದು. ಸೋರಿಕೆಯನ್ನು ಬಣ್ಣದಿಂದ ಅಳೆಯುವ ಈ ಉಪಾಯವನ್ನು ಮಾತ್ರ ನೆನಪಿಟ್ಟುಕೊಳ್ಳಿ, ಹಂತ 7ರಲ್ಲಿ ಬೇಕಾಗುತ್ತದೆ. ಅಂದ ಹಾಗೆ ಬೀಟ್‌ರೂಟಿನ ಪೊರೆಯಲ್ಲಿ ಕೊಲೆಸ್ಟ್ರಾಲ್‌ನ ಕೆಲಸವನ್ನು ಮಾಡುವುದು ಸಿಟೊಸ್ಟೆರಾಲ್‌ನಂಥ ಸಸ್ಯ ಸ್ಟೆರಾಲ್‌ಗಳು. ಶಿಲೀಂಧ್ರಗಳಲ್ಲಿ ಎರ್ಗೊಸ್ಟೆರಾಲ್. ಹಲವು ಬ್ಯಾಕ್ಟೀರಿಯಾಗಳಲ್ಲಿ ಹೋಪನಾಯ್ಡ್‌ಗಳು.

ಹಂತ 5: ಎಷ್ಟು ಬೆರೆಸಬೇಕು ಎಂಬ ಲೆಕ್ಕ

ಇಲ್ಲಿಂದ ಪ್ರಯೋಗಾಲಯ. ಅಂಗಡಿಯಲ್ಲಿ ಸಿಗುವ ಸೋಯಾ ಲೆಸಿಥಿನ್ ಬೇಡ. ಅದರಲ್ಲಿ ಎಣ್ಣೆಯೂ ಸಸ್ಯ ಸ್ಟೆರಾಲ್‌ಗಳೂ ಮೊದಲೇ ಬೆರೆತಿರುತ್ತವೆ. ಶುದ್ಧ ಡಿಪಿಪಿಸಿ ತೆಗೆದುಕೊಳ್ಳಿ. ಅದು 41 ಡಿಗ್ರಿಯಲ್ಲಿ ಹೊರಳುವುದರಿಂದ ನಮ್ಮೂರಿನ ಸೆಕೆಯಲ್ಲೂ ಜೆಲ್ ಆಗಿಯೇ ಉಳಿಯುತ್ತದೆ, ವಾಟರ್‌ಬಾತ್‌ನಲ್ಲಿ ಬಿಸಿ ಮಾಡಿದರೆ ದ್ರವವಾಗುತ್ತದೆ. ಎರಡೂ ಬದಿಯನ್ನು ಸುಲಭವಾಗಿ ನೋಡಬಹುದು.

ಪೊರೆಯ ಲೆಕ್ಕ ಯಾವಾಗಲೂ ಅಣುಗಳ ಎಣಿಕೆಯಲ್ಲಿ, ತೂಕದಲ್ಲಲ್ಲ. ಡಿಪಿಪಿಸಿಯ ಅಣುತೂಕ 734, ಕೊಲೆಸ್ಟ್ರಾಲ್‌ನದು 386.7. ತೂಕದಲ್ಲಿ 30 ಭಾಗ ಕೊಲೆಸ್ಟ್ರಾಲ್ ಹಾಕಿದರೆ ಎಣಿಕೆಯಲ್ಲಿ ಅದು 45 ಭಾಗವಾಗಿಬಿಡುತ್ತದೆ. ನಾನು ನೋಡಿದ ಪ್ರಾಜೆಕ್ಟ್ ವರದಿಗಳಲ್ಲಿ ಅತಿ ಹೆಚ್ಚು ಕಂಡ ತಪ್ಪು ಇದು, ಮತ್ತು ಇದೊಂದು ತಪ್ಪಿದರೆ ಮುಂದಿನ ಎಲ್ಲ ಗ್ರಾಫ್‌ಗಳೂ ತಪ್ಪುತ್ತವೆ.

ಒಟ್ಟು 10 ಮೈಕ್ರೊಮೋಲ್ ಲಿಪಿಡ್‌ಗೆ ಬೇಕಾದ ತೂಕ ಇಲ್ಲಿದೆ. ಕೊಲೆಸ್ಟ್ರಾಲ್ ಇಲ್ಲದ ಮಾದರಿಗೆ ಡಿಪಿಪಿಸಿ 7.34 ಮಿಲಿಗ್ರಾಂ. ನೂರಕ್ಕೆ 10 ಬೇಕಾದರೆ ಡಿಪಿಪಿಸಿ 6.61, ಕೊಲೆಸ್ಟ್ರಾಲ್ 0.39. ನೂರಕ್ಕೆ 20ಕ್ಕೆ 5.87 ಮತ್ತು 0.77. ನೂರಕ್ಕೆ 30ಕ್ಕೆ 5.14 ಮತ್ತು 1.16. ನೂರಕ್ಕೆ 40ಕ್ಕೆ 4.40 ಮತ್ತು 1.55. ನೂರಕ್ಕೆ 50ಕ್ಕೆ 3.67 ಮತ್ತು 1.93. ಇಷ್ಟು ಸಣ್ಣ ತೂಕವನ್ನು ತಕ್ಕಡಿಯಲ್ಲಿ ತೂಗಲು ಹೋಗಬೇಡಿ. ಎರಡನ್ನೂ ಕ್ಲೋರೊಫಾರ್ಮ್‌ನಲ್ಲಿ ಮಿಲಿಲೀಟರ್‌ಗೆ 10 ಮಿಲಿಗ್ರಾಂನಂತೆ ಕರಗಿಸಿಟ್ಟುಕೊಂಡು ಗಾಜಿನ ಸಿರಿಂಜಿನಲ್ಲಿ ಅಳೆಯಿರಿ. ಪ್ಲಾಸ್ಟಿಕ್ ಪಿಪೆಟ್ ತುದಿ ಬೇಡ, ಕ್ಲೋರೊಫಾರ್ಮ್ ಅದರಿಂದ ಏನೇನನ್ನೋ ಕರಗಿಸಿ ಮಾದರಿಗೆ ಸೇರಿಸುತ್ತದೆ. 50ಕ್ಕಿಂತ ಮೇಲೆ ಹೋಗುವುದೂ ಬೇಡ. ಕೊಡೆಯ ಮಿತಿ 66 ಇದ್ದರೂ, ಒಣಗಿಸುವಾಗ ಅದಕ್ಕೆ ಮೊದಲೇ ಹರಳು ಕಟ್ಟುವ ಅಪಾಯವಿದೆ.

ಹಂತ 6: ಪದರ ಒಣಗಿಸಿ ಲಿಪೊಸೋಮ್ ಮಾಡುವುದು

ಲಿಪಿಡ್ ನೀರಿಗೆ ಬಿದ್ದರೆ ತಾನಾಗಿ ಲಿಪೊಸೋಮ್ ಎಂಬ ಗುಳ್ಳೆಗಳಾಗುತ್ತದೆ ಎಂದು 1960ರ ದಶಕದಲ್ಲಿ ಅಲೆಕ್ ಬ್ಯಾಂಗ್‌ಹ್ಯಾಮ್ ತೋರಿಸಿದ ಮೇಲೆ ಈ ವಿಧಾನ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಲೆಕ್ಕದಂತೆ ಬೆರೆಸಿದ ದ್ರಾವಣವನ್ನು ಗುಂಡು ತಳದ ಫ್ಲಾಸ್ಕಿಗೆ ಹಾಕಿ, ರೋಟರಿ ಇವಾಪೊರೇಟರ್‌ನಲ್ಲಿ ಅಥವಾ ನೈಟ್ರೋಜನ್ ಹಾಯಿಸುತ್ತ ತಿರುಗಿಸಿ. ನೀರ್‌ದೋಸೆಯ ಹಾಗೆ ತೆಳ್ಳಗೆ, ಸಮನಾಗಿ ಪದರ ಹರಡಬೇಕು. ಆಮೇಲೆ ಕನಿಷ್ಠ ಎರಡು ಗಂಟೆ ವ್ಯಾಕ್ಯೂಮ್‌ನಲ್ಲಿಡಿ. ಉಳಿದ ಒಂದಿಷ್ಟು ಕ್ಲೋರೊಫಾರ್ಮ್ ಕೂಡ ಪೊರೆಯನ್ನು ಸಡಿಲಗೊಳಿಸುತ್ತದೆ, ನೀವು ಅದನ್ನು ಕೊಲೆಸ್ಟ್ರಾಲ್‌ನ ಗುಣ ಎಂದುಕೊಳ್ಳುತ್ತೀರಿ.

ನಂತರ 2 ಮಿಲಿಲೀಟರ್ ಬಫರ್ (ಆಮ್ಲೀಯತೆ ಸುಲಭವಾಗಿ ಬದಲಾಗದ ಲವಣದ ನೀರು) ಹಾಕಿ 55 ಡಿಗ್ರಿಯ ವಾಟರ್‌ಬಾತ್‌ನಲ್ಲಿ ಒಂದು ಗಂಟೆ ಇಡಿ, ಹತ್ತು ನಿಮಿಷಕ್ಕೊಮ್ಮೆ ಚೆನ್ನಾಗಿ ಕುಲುಕಿ. ಬಫರ್ ಕೂಡ ಮೊದಲೇ 55 ಡಿಗ್ರಿಗೆ ಬಿಸಿಯಾಗಿರಲಿ. ತಣ್ಣಗಿನ ನೀರಿನಲ್ಲಿ ಡಿಪಿಪಿಸಿ ಜೆಲ್ ಆಗಿಯೇ ಉಳಿದು ಫ್ಲಾಸ್ಕಿನ ಗೋಡೆ ಬಿಟ್ಟು ಬರುವುದಿಲ್ಲ. ಹಾಲಿನಂತೆ ಬಿಳುಪಾದ ದ್ರವ ಸಿಗುತ್ತದೆ. ಅದನ್ನು ಬಿಸಿ ಇರುವಾಗಲೇ 100 ನ್ಯಾನೊಮೀಟರ್ ರಂಧ್ರದ ಪಾಲಿಕಾರ್ಬೊನೇಟ್ ಸೋಸುಹಾಳೆಯ ಮೂಲಕ 11 ಅಥವಾ 21 ಬಾರಿ ಹಾಯಿಸಿ. ಬೆಸ ಸಂಖ್ಯೆ ಏಕೆಂದರೆ, ಕೊನೆಯ ಬಾರಿ ಮಾದರಿ ಎದುರಿನ ಸಿರಿಂಜಿನಲ್ಲೇ ಇರಬೇಕು. ಇಲ್ಲದಿದ್ದರೆ ಹಾಯದೆ ಉಳಿದ ದೊಡ್ಡ ಗುಳ್ಳೆಗಳೂ ಅದರಲ್ಲಿ ಸೇರುತ್ತವೆ.

ಮಳೆಗಾಲದವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯೇ ಅರ್ಧ ನೀರು. ಮೈನಸ್ 20 ಡಿಗ್ರಿಯ ಫ್ರೀಜರ್‌ನಿಂದ ತೆಗೆದ ಲಿಪಿಡ್ ಬಾಟಲಿಯನ್ನು ಕೂಡಲೇ ತೆರೆದರೆ ಒಳಗೆ ಹನಿ ಕಟ್ಟುತ್ತದೆ, ಫಾಸ್ಫೋಲಿಪಿಡ್ ನೀರು ಹೀರಿ ಅಂಟಾಗುತ್ತದೆ, ಮುಂದೆ ತೂಕವೇ ಸುಳ್ಳಾಗುತ್ತದೆ. ಮುಚ್ಚಳ ಬಿಗಿಯಾಗಿರುವಂತೆಯೇ ಅರ್ಧ ಗಂಟೆ ಹೊರಗಿಟ್ಟು, ಬಾಟಲಿ ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ. ಕೊಲೆಸ್ಟ್ರಾಲನ್ನೂ ಗಾಳಿ ಬೆಳಕಿಗೆ ಬಿಡಬೇಡಿ. ಅದು ನಿಧಾನವಾಗಿ ಉತ್ಕರ್ಷಣಗೊಳ್ಳುತ್ತದೆ, ಆಕ್ಸಿಜನ್ ಸೇರಿದ ಸ್ಟೆರಾಲ್ ಪೊರೆಯಲ್ಲಿ ಬೇರೆ ರೀತಿ ನಡೆದುಕೊಳ್ಳುತ್ತದೆ.

ಹಂತ 7: ಅಳೆಯುವುದು

ಹೊಳೆಯುವ ಬಣ್ಣಗಳ ಬೆಳಕನ್ನು ಅಳೆಯುವ ಒಂದು ಫ್ಲೋರೊಮೀಟರ್ ಇದ್ದರೆ ಮೂರು ಗುಣಗಳನ್ನು ಅಳೆಯಬಹುದು.

ಮೊದಲನೆಯದು ಬಾಲಗಳ ಕ್ರಮ. ಡಿಪಿಎಚ್ ಎಂಬ ಕಡ್ಡಿಯಾಕಾರದ ಹೊಳೆಯುವ ಬಣ್ಣ ಬಾಲಗಳ ನಡುವೆ ಸೇರಿಕೊಳ್ಳುತ್ತದೆ. 300ರಿಂದ 500 ಲಿಪಿಡ್ ಅಣುವಿಗೆ ಒಂದರಂತೆ ಸೇರಿಸಿ, ಕತ್ತಲಲ್ಲಿ 55 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಡಿ. 360 ನ್ಯಾನೊಮೀಟರ್‌ನ ಧ್ರುವೀಕೃತ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕು ಕೊಟ್ಟು 430ರಲ್ಲಿ ಓದಿ. ಕಡ್ಡಿ ಸುಲಭವಾಗಿ ಹೊರಳಾಡಿದರೆ ಧ್ರುವೀಕರಣ ಕಳೆದುಹೋಗುತ್ತದೆ, ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ಉಳಿಯುತ್ತದೆ. 25ರಿಂದ 55 ಡಿಗ್ರಿವರೆಗೆ ಎರಡೆರಡು ಡಿಗ್ರಿ ಏರಿಸುತ್ತ ಹೋಗಿ, ಪ್ರತಿ ಬಾರಿಯೂ ಐದು ನಿಮಿಷ ಕಾದು ಓದಿ. ಮಾದರಿ ತೆಳುವಾಗಿರಲಿ. ಹಾಲಿನಂತಿದ್ದರೆ ಬೆಳಕು ಚದುರಿ ಸಂಖ್ಯೆ ತಪ್ಪುತ್ತದೆ.

ಎರಡನೆಯದು ತಲೆಗಳ ಬಳಿ ನೀರು ಎಷ್ಟು ನುಸುಳಿದೆ ಎಂಬುದು. ಲಾರ್ಡಾನ್ ಎಂಬ ಬಣ್ಣ ನೀರು ಕಡಿಮೆ ಇರುವಲ್ಲಿ ನೀಲಿಯ ಕಡೆಗೂ ನೀರು ಹೆಚ್ಚಿರುವಲ್ಲಿ ಹಸಿರಿನ ಕಡೆಗೂ ವಾಲುತ್ತದೆ. 440 ನ್ಯಾನೊಮೀಟರ್‌ನ ತೀವ್ರತೆಯಿಂದ 490ರದ್ದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಜೆಲ್‌ನಲ್ಲಿ ಉತ್ತರ ಧನಸಂಖ್ಯೆ, ಸಡಿಲ ದ್ರವದಲ್ಲಿ ಋಣಸಂಖ್ಯೆ. ಧ್ರುವೀಕರಣದ ತಾಪತ್ರಯ ಇಲ್ಲದ ಕಾರಣ ಹೊಸಬರಿಗೆ ನಾನು ಇದನ್ನೇ ಮೊದಲು ಮಾಡಿಸುತ್ತೇನೆ.

ಮೂರನೆಯದು ಸೋರಿಕೆ, ಬೀಟ್‌ರೂಟಿನದೇ ದೊಡ್ಡ ಅವತಾರ. ಹಂತ 6ರಲ್ಲಿ ಬಫರ್ ಬದಲು 70 ಮಿಲಿಮೋಲಾರ್ ಕ್ಯಾಲ್ಸೀನ್ ದ್ರಾವಣ ಹಾಕಿ. ಇಷ್ಟು ದಟ್ಟಣೆಯಲ್ಲಿ ಕ್ಯಾಲ್ಸೀನ್ ತನ್ನ ಹೊಳಪನ್ನು ತಾನೇ ನುಂಗಿಕೊಳ್ಳುತ್ತದೆ, ಹೊರಗೆ ಸೋರಿ ತೆಳುವಾದಾಗ ಹಸಿರಾಗಿ ಹೊಳೆಯುತ್ತದೆ. ಗುಳ್ಳೆಗಳ ಹೊರಗೆ ಉಳಿದದ್ದನ್ನು, ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಸೆಫಡೆಕ್ಸ್ ಕಾಲಮ್ಮಿನಲ್ಲಿ ಬೇರ್ಪಡಿಸಿ. ಹೊರಗಿನ ಬಫರ್‌ನ ಪರಾಸರಣ ಒತ್ತಡ ಒಳಗಿನದಕ್ಕೆ ಸಮನಾಗಿರಬೇಕು. ಉಪ್ಪಿಗೆ ಹಾಕಿದ ಮಾವಿನ ಮಿಡಿ ಚಿರುಟಿಕೊಳ್ಳುವುದನ್ನು ನೋಡಿದವರಿಗೆ ಏಕೆಂದು ಗೊತ್ತಾಗುತ್ತದೆ. ಉಪ್ಪು ಹೊರಗೆ ಹೆಚ್ಚಾದರೆ ಗುಳ್ಳೆ ಕುಗ್ಗುತ್ತದೆ, ಕಡಿಮೆಯಾದರೆ ಉಬ್ಬಿ ಒಡೆಯುತ್ತದೆ. 490ರಲ್ಲಿ ಬೆಳಕು ಕೊಟ್ಟು 515ರಲ್ಲಿ ಓದುತ್ತ ಹೋಗಿ, ಕೊನೆಗೆ ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಹಾಕಿ ಎಲ್ಲ ಗುಳ್ಳೆ ಒಡೆದಾಗ ಬರುವ ಸಂಖ್ಯೆಯನ್ನು ನೂರು ಎಂದಿಟ್ಟುಕೊಳ್ಳಿ.

ನಾಲ್ಕನೆಯ ದಾರಿ ಉಷ್ಣಮಾಪನ, ಅಂದರೆ ಡಿಎಸ್‌ಸಿ. ಯಂತ್ರ ಸಿಕ್ಕಿದರೆ ಬಿಡಬೇಡಿ. ಹೊರಳುವಿಕೆಗೆ ಪೊರೆ ಹೀರುವ ಶಾಖವನ್ನು ಅದು ನೇರವಾಗಿ ತೋರಿಸುತ್ತದೆ.

ಹಂತ 8: ಗ್ರಾಫ್ ಓದುವುದು

ಕೊಲೆಸ್ಟ್ರಾಲ್ ಇಲ್ಲದ ಡಿಪಿಪಿಸಿಯ ಡಿಪಿಎಚ್ ರೇಖೆ 41 ಡಿಗ್ರಿಯವರೆಗೆ ಮೇಲೆಯೇ ಇದ್ದು, ಅಲ್ಲಿ ಮೆಟ್ಟಿಲಿಳಿದಂತೆ ಧುಮುಕುತ್ತದೆ. ನೂರಕ್ಕೆ 20ರಲ್ಲಿ ಮೆಟ್ಟಿಲು ಇಳಿಜಾರಾಗುತ್ತದೆ. 40, 50ಕ್ಕೆ ಬಂದಾಗ ಬಹುತೇಕ ಸಪಾಟು. ಆರೂ ರೇಖೆಗಳನ್ನು ಒಂದೇ ಹಾಳೆಯಲ್ಲಿ ಎಳೆದರೆ 41ರ ಆಸುಪಾಸಿನಲ್ಲಿ ಅವು ಒಂದನ್ನೊಂದು ದಾಟುತ್ತವೆ. ಆ ದಾಟುವ ಜಾಗದಲ್ಲೇ ಹಂತ 3ರ ಎರಡೂ ಉತ್ತರಗಳು ಎದುರಾಗುತ್ತವೆ. ಎಡಗಡೆ ಕೊಲೆಸ್ಟ್ರಾಲ್ ಸಡಿಲಗೊಳಿಸುತ್ತಿದೆ, ಬಲಗಡೆ ಬಿಗಿಗೊಳಿಸುತ್ತಿದೆ. ಡಿಎಸ್‌ಸಿಯಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ಬರುತ್ತದೆ: ಚೂಪಾದ ಶಿಖರ ತಗ್ಗಿ, ಅಗಲವಾಗಿ, ನೂರಕ್ಕೆ 50ರ ಹೊತ್ತಿಗೆ ಮಾಯವಾಗುತ್ತದೆ.

ಸೋರಿಕೆಯ ಗ್ರಾಫ್ ನೋಡಿ ಮಕ್ಕಳು ಗಾಬರಿಯಾಗುತ್ತಾರೆ. ಶುದ್ಧ ಡಿಪಿಪಿಸಿ ಅತಿ ಹೆಚ್ಚು ಸೋರುವುದು 50ರಲ್ಲಲ್ಲ, ಸರಿಯಾಗಿ 41ರಲ್ಲಿ. ಅಲ್ಲಿ ಜೆಲ್‌ನ ತುಣುಕುಗಳೂ ದ್ರವದ ತುಣುಕುಗಳೂ ಒಟ್ಟಿಗಿರುತ್ತವೆ, ಅವುಗಳ ಅಂಚುಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಆ ಬಿರುಕಿನಿಂದ ಕ್ಯಾಲ್ಸೀನ್ ಹೊರಬರುತ್ತದೆ. ಕೊಲೆಸ್ಟ್ರಾಲ್ ಹೆಚ್ಚಿಸಿದಂತೆ ಹೊರಳುವಿಕೆಯೇ ಅಳಿಸಿಹೋಗಿ ಈ ಶಿಖರವೂ ಹೋಗುತ್ತದೆ. ಔಷಧ ತುಂಬಿದ ಲಿಪೊಸೋಮ್‌ಗಳಲ್ಲಿ ಕೊಲೆಸ್ಟ್ರಾಲ್ ಇರುವ ಕಾರಣಗಳಲ್ಲಿ ಇದು ದೊಡ್ಡದು. 2021ರಲ್ಲಿ ಕಪ್ಪು ಶಿಲೀಂಧ್ರ ರೋಗಕ್ಕಾಗಿ ದೇಶವೆಲ್ಲ ಹುಡುಕಿದ ಲಿಪೊಸೋಮಲ್ ಆಂಫೊಟೆರಿಸಿನ್‌ನಲ್ಲಿ ಅದಿದೆ. ಫೈಜರ್ ಕೋವಿಡ್ ಲಸಿಕೆಯ ಕೊಬ್ಬಿನ ಕಣಗಳಲ್ಲಿ ನೂರಕ್ಕೆ 42.7, ಮಾಡರ್ನಾದ್ದರಲ್ಲಿ 38.5 ಭಾಗ ಕೊಲೆಸ್ಟ್ರಾಲ್. ಈ ಕಣಗಳು ಸರಳ ದ್ವಿಪದರಗಳಲ್ಲ, ಆದರೂ ಸಂದುಗಳನ್ನು ತುಂಬಿ ಕಣವನ್ನು ಗಟ್ಟಿಯಾಗಿಡುವ ಕೆಲಸ ಅದರದ್ದೇ.

ಇನ್ನೊಂದು ಅಚ್ಚರಿ, ಜಾಗದ ಲೆಕ್ಕದಲ್ಲಿ. 50 ಡಿಗ್ರಿಯಲ್ಲಿ ಡಿಪಿಪಿಸಿಯ ಒಂದು ಅಣು ಪೊರೆಯಲ್ಲಿ ಸುಮಾರು 0.63 ಚದರ ನ್ಯಾನೊಮೀಟರ್ ಜಾಗ ಹಿಡಿಯುತ್ತದೆ, ಕೊಲೆಸ್ಟ್ರಾಲ್ ತಾನೊಂದೇ ಇದ್ದಾಗ ಸುಮಾರು 0.38. ಒಂದಕ್ಕೊಂದರಂತೆ ಬೆರೆಸಿದರೆ ಮೊತ್ತ 1.01 ಆಗಬೇಕಿತ್ತು. ಅಳೆದರೆ ಅದಕ್ಕಿಂತ ಸ್ಪಷ್ಟವಾಗಿ ಕಡಿಮೆ ಬರುತ್ತದೆ. ಕೊಲೆಸ್ಟ್ರಾಲ್‌ನ ಪಕ್ಕ ನಿಂತ ಬಾಲಗಳು ನೆಟ್ಟಗಾಗಿ ತಮ್ಮ ಹರವನ್ನು ಬಿಟ್ಟುಕೊಟ್ಟಿವೆ. ಈ ಕುಗ್ಗುವಿಕೆಯನ್ನು ಲೀಥ್ಸ್ ಎಂಬ ವಿಜ್ಞಾನಿ 1925ರಲ್ಲಿ ನೀರಿನ ಮೇಲಿನ ಒಂಟಿ ಪದರಗಳಲ್ಲಿ ಕಂಡಿದ್ದರು, ಗೋರ್ಟರ್ ಮತ್ತು ಗ್ರೆಂಡೆಲ್ ದ್ವಿಪದರಕ್ಕೆ ಬುನಾದಿ ಹಾಕಿದ ಅದೇ ವರ್ಷ. ಅಗಲ ಕಡಿಮೆಯಾದಂತೆ ಪೊರೆ ದಪ್ಪವಾಗುತ್ತದೆ, ನೀರು ಹಾಯುವುದು ಕಡಿಮೆಯಾಗುತ್ತದೆ, ಎಳೆದು ಹಿಗ್ಗಿಸಲು ಹೆಚ್ಚು ಬಲ ಬೇಕಾಗುತ್ತದೆ.

ಬಾಗಿಸುವುದರ ವಿಷಯಕ್ಕೆ ಬಂದಾಗ ಮಾತ್ರ ಎಚ್ಚರ. ಸಂತೃಪ್ತ ಬಾಲಗಳ ಪೊರೆಯನ್ನು ಕೊಲೆಸ್ಟ್ರಾಲ್ ಬಾಗಲಾರದಂತೆ ಮಾಡುವುದು ಎಲ್ಲ ವಿಧಾನಗಳಲ್ಲೂ ಕಾಣುತ್ತದೆ. ಡಿಒಪಿಸಿಯಂಥ ಅಸಂತೃಪ್ತ ಪೊರೆಯಲ್ಲಿ ಕೆಲವು ವಿಧಾನಗಳು ಬದಲಾವಣೆಯೇ ಇಲ್ಲ ಎನ್ನುತ್ತವೆ, ನ್ಯೂಟ್ರಾನ್ ಬಳಸಿದ 2020ರ ಅಳತೆ ಅಲ್ಲೂ ಬಿಗಿಯಾಗುತ್ತದೆ ಎಂದಿತು. ವಾದ ಇನ್ನೂ ಮುಗಿದಿಲ್ಲ. ನುಣುಪು ಮುಖ ಮತ್ತು ಬಾಗಿದ ಸರಪಳಿಯ ಚಿತ್ರವನ್ನು ಹಂತ 2ರಲ್ಲಿ ಬಿಡಿಸಿದ್ದೀರಲ್ಲ, ಅದನ್ನು ಎದುರಿಗಿಟ್ಟುಕೊಂಡು ಎರಡೂ ಕಡೆಯವರ ಸಂಶೋಧನಾ ಪ್ರಬಂಧಗಳನ್ನು ಓದಿ.

ಹಂತ 9: ಸಂಖ್ಯೆ ಹೊಂದದಿದ್ದಾಗ

ಒಮ್ಮೆ ಒಬ್ಬ ವಿದ್ಯಾರ್ಥಿನಿ ಡಿಎಂಪಿಸಿಯ ಮೇಲೆ ಕೆಲಸ ಮಾಡುತ್ತಿದ್ದಳು. "ಮೇಡಂ, ನಿನ್ನೆ ಬಂದ ರೀಡಿಂಗ್ ಇವತ್ತು ಬರುವುದೇ ಇಲ್ಲ" ಎಂದು ಮುಖ ಸಣ್ಣ ಮಾಡಿಕೊಂಡು ಬಂದಳು. ಎರಡು ದಿನ ಲ್ಯಾಂಪನ್ನು ಶಂಕಿಸಿದೆವು, ಬಣ್ಣವನ್ನು ಶಂಕಿಸಿದೆವು, ಹೊಸ ಮಾದರಿ ಮಾಡಿದೆವು. ಮೂರನೆಯ ದಿನ ಕರೆಂಟ್ ಹೋಗಿ ಏಸಿ ನಿಂತಿತು, ಅರ್ಧ ಗಂಟೆಯಲ್ಲಿ ಮೇಜಿನ ಮೇಲಿದ್ದ ಮಾದರಿಯ ಬಿಳುಪು ಇಳಿದು ತಿಳಿಯಾಗತೊಡಗಿತು. ಮೊದಲ ದಿನ ಏಸಿ ಕೆಟ್ಟಿತ್ತು, ಕೋಣೆ 30 ಡಿಗ್ರಿ, ಪೊರೆ ದ್ರವ. ರಿಪೇರಿಯಾದ ಮೇಲೆ ಕೋಣೆ 20, ಪೊರೆ ಜೆಲ್. ನೂರಕ್ಕೆ 40 ಕೊಲೆಸ್ಟ್ರಾಲ್ ಇದ್ದ ಅವಳ ಇನ್ನೊಂದು ಟ್ಯೂಬಿನಲ್ಲಿ ಎರಡೂ ದಿನದ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇತ್ತು. ಉತ್ತರ ಅಲ್ಲೇ ಕಣ್ಣೆದುರಿಗಿತ್ತು, ನಾವು ನೋಡಿರಲಿಲ್ಲ. ಅವಳ ವರದಿಯ ಅತ್ಯುತ್ತಮ ಚಿತ್ರವಾದದ್ದು ಆ ಎರಡು ಟ್ಯೂಬುಗಳ ಹೋಲಿಕೆಯೇ. ಅಂದಿನಿಂದ ನಮ್ಮಲ್ಲಿ "ಕೋಣೆಯ ಉಷ್ಣತೆ" ಎಂದು ಬರೆಯುವಂತಿಲ್ಲ, ಥರ್ಮಾಮೀಟರ್ ಓದಿ ಸಂಖ್ಯೆ ಬರೆಯಬೇಕು.

ಕೊಲೆಸ್ಟ್ರಾಲ್ ಹೆಚ್ಚಾದರೂ ರೇಖೆ ಬದಲಾಗದಿದ್ದರೆ, ಬೆರೆಸಿದ್ದೆಲ್ಲ ಪೊರೆಗೆ ಸೇರಿದೆಯೇ ಎಂದು ನೋಡಿ. ಸೋಸಿದ ನಂತರದ ಮಾದರಿಯಲ್ಲಿ ಫಾಸ್ಫೇಟ್ ಅಳೆದು ಫಾಸ್ಫೋಲಿಪಿಡ್ ಎಷ್ಟೆಂದು ತಿಳಿಯಿರಿ. ಕೊಲೆಸ್ಟ್ರಾಲನ್ನು ಆಸ್ಪತ್ರೆ ಲ್ಯಾಬುಗಳಲ್ಲಿ ಬಳಸುವ ಕಿಣ್ವದ ಕಿಟ್‌ನಿಂದಲೇ ಅಳೆಯಬಹುದು, ಮೊದಲು ಟ್ರೈಟಾನ್ ಹಾಕಿ ಗುಳ್ಳೆ ಒಡೆಯಬೇಕು. ಹರಳಾಗಿ ಸೋಸುಹಾಳೆಯಲ್ಲಿ ಉಳಿದ ಕೊಲೆಸ್ಟ್ರಾಲ್ ಲೆಕ್ಕದಲ್ಲಿ ಇರುತ್ತದೆ, ಪೊರೆಯಲ್ಲಿ ಇರುವುದಿಲ್ಲ. ವರದಿಯಲ್ಲಿ ಹಾಕಬೇಕಾದದ್ದು ಬೆರೆಸಿದ ಸಂಖ್ಯೆಯನ್ನಲ್ಲ, ಹೀಗೆ ಅಳೆದ ಸಂಖ್ಯೆಯನ್ನು.

ತಯಾರಾದ ಲಿಪೊಸೋಮ್‌ಗಳನ್ನು ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ಫ್ರೀಜರ್‌ಗೆ ಹಾಕಿದರೆ ಮಂಜಿನ ಹರಳುಗಳು ಗುಳ್ಳೆಗಳನ್ನು ಒಡೆಯುತ್ತವೆ. ಕೆಲಸವೆಲ್ಲ ಫ್ಯೂಮ್ ಹುಡ್ಡಿನಲ್ಲಿ ಆಗಲಿ. ಉಳಿದ ಕ್ಲೋರೊಫಾರ್ಮನ್ನು ಸಿಂಕಿಗೆ ಚೆಲ್ಲಬೇಡಿ. ಚೀಟಿ ಅಂಟಿಸಿದ ಬೇರೆ ಗಾಜಿನ ಬಾಟಲಿಯಲ್ಲಿ ತುಂಬಿಟ್ಟು, ಸಂಸ್ಥೆಯ ರಾಸಾಯನಿಕ ತ್ಯಾಜ್ಯದ ಜೊತೆ ಕಳುಹಿಸಿ.